ಮೆಕಿಮೆಕಿ: ಕಣ್ಣೆದುರೇ ಮೇಲೇರುವವರಿಗೆ ಜಪಾನಿಯರು ಹೇಳುವ ಮಾತು

ಜಪಾನಿ ಭಾಷೆಯ ದೊಡ್ಡ ಪರೀಕ್ಷೆಗೆ, ಅಂದರೆ ಎನ್1ಗೆ ಓದುವವರ ಪದಗಳ ಪುಸ್ತಕದಲ್ಲಿ 'ಮೆಕಿಮೆಕಿ' ಅಂತ ಒಂದು ಪದ ಸಿಗುತ್ತದೆ. ಪಕ್ಕದಲ್ಲಿ ಅರ್ಥ ಬರೆದಿರುತ್ತಾರೆ: ವೇಗವಾಗಿ, ಎದ್ದು ಕಾಣುವಂತೆ. ಅಷ್ಟೇ. ಅದರ ಮೇಲಿನ ಸಾಲಿನಲ್ಲಿ 'ಗುಂಗುನ್', ಅಲ್ಲೂ ವೇಗವಾಗಿ. ಕೆಳಗೆ 'ದೊಂದೊನ್', ಅದಕ್ಕೂ ವೇಗವಾಗಿ. ಮುಂದಿನ ಪುಟದಲ್ಲಿ 'ಇಚಿಯಕು', 'ಹಿಯಕು', 'ಯಕುಶಿನ್'. ಎಲ್ಲವೂ ಯಾವುದೋ ಒಂದು ರೀತಿಯಲ್ಲಿ ದಿಢೀರ್ ಮುನ್ನಡೆಯ ಪದಗಳೇ. ಪಟ್ಟಿ ಬಾಯಿಪಾಠ ಮಾಡಿ ಮುಗಿಸಿದ ಮೇಲೂ ಯಾವುದನ್ನು ಎಲ್ಲಿ ಹಾಕಬೇಕು ಅಂತ ಮಾತ್ರ ಗೊತ್ತಾಗಿರುವುದಿಲ್ಲ.

ಈ ಪಟ್ಟಿಗಳನ್ನು ಮಾಡುವವರು ಪುಸ್ತಕದ ಪ್ರಕಾಶಕರು. ಪರೀಕ್ಷೆ ನಡೆಸುವವರು 2010ರಲ್ಲಿ ಹಂತಗಳನ್ನು 4ರಿಂದ 5ಕ್ಕೆ ಏರಿಸಿದಾಗಿನಿಂದ ಅಧಿಕೃತ ಪದಪಟ್ಟಿ ಕೊಡುತ್ತಿಲ್ಲ. ಹಾಗಾಗಿ ಎನ್1 ಅಂದರೆ ಇಷ್ಟೇ ಪದ ಅಂತ ಗೆರೆ ಎಳೆಯೋಕೆ ಆಗಲ್ಲ. ಒಂದೇ ಅರ್ಥದ ಹತ್ತು ಪದಗಳ ನಡುವೆ ಸರಿಯಾದದ್ದನ್ನು ಆರಿಸುವುದೇ ಅಲ್ಲಿ ನಿಜವಾದ ಕಷ್ಟ. ಮೆಕಿಮೆಕಿ ನನಗೆ ತುಂಬಾ ಇಷ್ಟವಾದ ಪದ. ಅದನ್ನು ಹಿಡಿದುಕೊಂಡು ಅದರ ನೆಂಟರನ್ನೂ ಒಮ್ಮೆ ಮಾತಾಡಿಸಿಕೊಂಡು ಬರೋಣ ಅಂತ ಈ ಬರಹ. ಜಪಾನಿ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ನಮ್ಮ ಲಿಪಿಗೆ ಜಪಾನಿ ಉಚ್ಚಾರ ಚೆನ್ನಾಗಿಯೇ ಹೊಂದುತ್ತದೆ.

ಮೊದಲು ಒಂದು ವಾಕ್ಯ ನೋಡಿ. 'ನಿಹೊನ್ ನಿ ಕಿತೆ ಕರ, ಕನೊಜೊ ನೊ ನಿಹೊಂಗೊ ವ ಮೆಕಿಮೆಕಿ ಜೋತತ್ಸು ಶಿತ.' ಜಪಾನಿಗೆ ಬಂದ ಮೇಲೆ ಅವಳ ಜಪಾನಿ ಭಾಷೆ ನೋಡನೋಡುತ್ತಲೇ ಸುಧಾರಿಸಿತು. ಮೆಕಿಮೆಕಿ ಪದಕ್ಕೆ ಇದಕ್ಕಿಂತ ಮಾಮೂಲಿ ವಾಕ್ಯ ಇಲ್ಲ. ಇಲ್ಲಿ ಬಂದಿರುವ 'ಜೋತತ್ಸು' ಅಂದರೆ ಕೈ ಪಳಗುವುದು, ಒಂದು ಕಲೆಯಲ್ಲೋ ಭಾಷೆಯಲ್ಲೋ ಆಟದಲ್ಲೋ ಮೇಲಿನ ಮಟ್ಟ ಮುಟ್ಟುವುದು. ಈ ಎರಡು ಪದಗಳು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿವೆ ಅಂದರೆ, ಮೆಕಿಮೆಕಿ ಕಿವಿಗೆ ಬಿದ್ದ ಕೂಡಲೇ ಮುಂದೆ ಜೋತತ್ಸು ಬರುತ್ತದೆ ಅಂತ ಕಾಯುತ್ತೇವೆ.

ಅದಕ್ಕೆ ಇನ್ನೂ ಕೆಲವು ಜೊತೆಗಾರರು ಇದ್ದಾರೆ. 'ಉದೆ ಒ ಅಗೆರು', ಅಕ್ಷರಶಃ ತೋಳು ಎತ್ತುವುದು, ಅಂದರೆ ಕೈಚಳಕ ಹೆಚ್ಚುವುದು. ಅಡುಗೆಯವರಿಗೆ, ಬಡಗಿಗಳಿಗೆ, ಶೋಗಿ ಅನ್ನುವ ಜಪಾನಿ ಚದುರಂಗ ಆಡುವವರಿಗೆ ಇದನ್ನು ಹೇಳುತ್ತಾರೆ. 'ಚಿಕರ ಒ ತ್ಸುಕೆರು', ಬಲ ಕೂಡಿಸಿಕೊಳ್ಳುವುದು. 'ತೋಕಕು ಒ ಅರವಸು', ಗುಂಪಿನ ನಡುವೆ ತಲೆ ಎತ್ತಿ ಎದ್ದು ಕಾಣುವುದು. ಇಲ್ಲಿ ತೋಕಕು ಅಂದರೆ ತಲೆಯ ತುದಿ. ಇದು ಚೀನಾದ ತಾಂಗ್ ಕಾಲದ ಲೇಖಕ ಹಾನ್ ಯು ತನ್ನ ಗೆಳೆಯನ ಸಮಾಧಿ ಶಾಸನಕ್ಕೆ ಬರೆದ ಮಾತಿನಿಂದ ಬಂದದ್ದು. ಸಾವಿರ ವರ್ಷಕ್ಕೂ ಹಳೆಯ ಆ ಮಾತು ಈಗ ಜಪಾನಿನ ಕ್ರೀಡಾಪುಟದಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಹುಡುಗರ ಬಗ್ಗೆ ಬರುತ್ತದೆ. ಇನ್ನೊಂದು ಜೊತೆ 'ಕೈಫುಕು', ಚೇತರಿಕೆ. ಆಪರೇಶನ್ ಆದ ಅಜ್ಜ ಎದ್ದು ಕೂತು, ಗಂಜಿ ಕುಡಿದು, ಕಾರಿಡಾರಿನಲ್ಲಿ ನಡೆದಾಡಲು ಶುರು ಮಾಡಿದರೆ ಅದೂ ಮೆಕಿಮೆಕಿಯೇ.

ಈ ಎಲ್ಲದರಲ್ಲೂ ಒಂದು ಸಾಮಾನ್ಯ ಗುಣ ಇದೆ. ಯಾರೋ ಒಬ್ಬರು ಹೊರಗೆ ನಿಂತು ನೋಡುತ್ತಿದ್ದಾರೆ. ಕಲಿಯುವವನಿಗಿಂತ ಅವನನ್ನು ಕಂಡವರ ಬಾಯಲ್ಲಿ ಈ ಪದ ಸಹಜ. ಮೇಷ್ಟ್ರು ಶಿಷ್ಯನ ಬಗ್ಗೆ, ಕೋಚ್ ಆಟಗಾರನ ಬಗ್ಗೆ, ಅಮ್ಮ ಮಗನ ಬಗ್ಗೆ ಹೇಳುತ್ತಾರೆ. 'ನನ್ನ ಜಪಾನಿ ಮೆಕಿಮೆಕಿ ಸುಧಾರಿಸಿದೆ' ಅಂತ ನಾವೇ ಹೇಳಿಕೊಂಡರೆ ವ್ಯಾಕರಣ ತಪ್ಪಲ್ಲ, ಆದರೆ ಕೇಳುವವರಿಗೆ ಸ್ವಲ್ಪ ಕಿರಿಕಿರಿ ಆಗುತ್ತದೆ. ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ ಇರುತ್ತದೆ.

ಹಾಗಾದರೆ ನಮ್ಮ ಬಗ್ಗೆ ನಾವು ಏನು ಹೇಳಬೇಕು? ಜಪಾನಿಯರು 'ಸುಕೊಶಿ ಝುತ್ಸು' ಅನ್ನುತ್ತಾರೆ, ಸ್ವಲ್ಪ ಸ್ವಲ್ಪವಾಗಿ. ಅಥವಾ 'ಯತ್ತೊ' ಹಾಕುತ್ತಾರೆ, ಅಂತೂ ಇಂತೂ ಪತ್ರಿಕೆ ಓದೋಕೆ ಬಂತು ಅನ್ನುವ ಹಾಗೆ. ಯಾರಾದರೂ ಎದುರಿಗೇ ಹೊಗಳಿದರೆ 'ಮದಮದ ದೆಸು', ಇನ್ನೂ ಎಷ್ಟೋ ಇದೆ ಸಾರ್ ಅಂತ. ಅಥವಾ 'ಒಕಗೆಸಮದೆ', ನಿಮ್ಮ ದಯೆ. ಕನ್ನಡದವರಿಗೆ ಈ ಸಂಕೋಚ ಹೊಸದೇನಲ್ಲ. ಹಾಡು ಚೆನ್ನಾಗಿತ್ತು ಅಂದರೆ 'ಎಲ್ಲಾ ಗುರುಗಳ ಆಶೀರ್ವಾದ' ಅನ್ನುವವರೇ ನಾವು. ಅದಕ್ಕೇ ಈ ಪದದ ಬಳಕೆ ನಮಗೆ ಬೇಗ ಒಗ್ಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹುಡುಗಿಯೊಬ್ಬಳು ಇದ್ದಾಳೆ. ನಗೋಯಾದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ವಾಪಸ್ ಬಂದಳು. ಹೋಗುವ ಮುಂಚೆ ಕಾಲ್‌ನಲ್ಲಿ ಒಂದು ವಾಕ್ಯ ಹೇಳಲು ಮ್ಯೂಟ್ ಹಾಕಿಕೊಂಡು ಎರಡು ಸಲ ತಾಲೀಮು ಮಾಡುತ್ತಿದ್ದವಳು, ಬಂದ ಮೇಲೆ ಅಲ್ಲಿನ ಇಂಜಿನಿಯರ್ ಒಬ್ಬರು ಹೇಳಿದ ಜೋಕಿಗೆ ನಾವೆಲ್ಲ ಅರ್ಥ ಹುಡುಕುತ್ತಾ ಕೂತಿರುವಾಗಲೇ ನಕ್ಕು, ಅದಕ್ಕೆ ತಿರುಗಿ ಇನ್ನೊಂದು ಜೋಕು ಹೇಳಿದಳು. ಆ ಹಿರಿಯರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ 'ಮೆಕಿಮೆಕಿ ಜೋತತ್ಸು ಶಿಮಶಿತ ನೆ' ಅಂದರು. ಆ ಕೊನೆಯ 'ನೆ' ಇದೆಯಲ್ಲ, ಅದು ನಮ್ಮ 'ಅಲ್ವಾ'. ಮೊದಲು ಹೇಗಿದ್ದಳು ಅಂತ ನೆನಪಿರುವವರು ಮಾತ್ರ ಹೀಗೆ ಹೇಳಬಲ್ಲರು. ಹೊಸಬರು ಸಿಕ್ಕಿದಾಗ ಸುಮ್ನೆ ಮರ್ಯಾದೆಗೆ ಹೇಳುವ 'ನಿಹೊಂಗೊ ಜೋಝು ದೆಸು ನೆ', ನಿಮ್ಮ ಜಪಾನಿ ಚೆನ್ನಾಗಿದೆ ಅನ್ನುವುದು ಬೇರೆ. ಅದು ಒಂದೇ ಸಲ ನೋಡಿ ಹೇಳುವ ಮಾತು. ಮೆಕಿಮೆಕಿಗೆ ಕನಿಷ್ಠ ಎರಡು ಸಲ ನೋಡಿರಬೇಕು.

ಈಗ ಪದದ ಆಕಾರಕ್ಕೆ ಬರೋಣ. ಕನ್ನಡದವರಿಗೆ ಇಲ್ಲಿ ನಿಜವಾಗಿಯೂ ಒಂದು ಅನುಕೂಲ ಇದೆ, ಅದನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ.

ಮೆಕಿಮೆಕಿ ಒಂದು ಅನುಕರಣ ಪದ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದೇವಲ್ಲ: ದಡದಡ, ಚಟಚಟ, ಸರಸರ, ಗುಳುಗುಳು. ಜಪಾನಿಯಲ್ಲಿ ಇದರಲ್ಲಿ ಎರಡು ಬಗೆ ಮಾಡುತ್ತಾರೆ. ನಿಜವಾದ ಸದ್ದನ್ನು ಅನುಕರಿಸಿದರೆ 'ಗಿಯೊಂಗೊ'. ಸದ್ದೇ ಇಲ್ಲದ ಒಂದು ಸ್ಥಿತಿಯನ್ನೋ ರೀತಿಯನ್ನೋ ಸದ್ದಿನಂತೆ ಹೇಳಿದರೆ 'ಗಿತೈಗೊ'. ಇಂಗ್ಲಿಷ್ ಮೂಲಕ ಜಪಾನಿ ಕಲಿಯುವವರಿಗೆ ಈ ಎರಡನೆಯ ಬಗೆ ತುಂಬಾ ತಲೆನೋವು. ಸದ್ದಿಲ್ಲದ್ದಕ್ಕೆ ಸದ್ದಿನ ಪದ ಹೇಗೆ ಅಂತ ಕೇಳುತ್ತಾರೆ. ನಮಗೆ ಅದರಲ್ಲಿ ಏನು ಆಶ್ಚರ್ಯ? ಪಾತ್ರೆ ಪಳಪಳ ಹೊಳೆಯುತ್ತದೆ. ಹೊಳಪಿಗೆ ಎಲ್ಲಿಯ ಸದ್ದು? ಜಪಾನಿಯರು ಅದನ್ನೇ 'ಪಿಕಪಿಕ' ಅನ್ನುತ್ತಾರೆ. ಕಾಲು ಜುಂ ಅನ್ನುತ್ತದೆ, ತಲೆ ಧಿಂ ಅನ್ನುತ್ತದೆ, ಕತ್ತಲೆ ಗವ್ ಅನ್ನುತ್ತದೆ. ಇವೆಲ್ಲ ಅಪ್ಪಟ ಗಿತೈಗೊಗಳು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೆಕಿಮೆಕಿಯನ್ನು ಹಾಗೇ ಬಳಸಬಹುದು, ಅಥವಾ ಹಿಂದೆ 'ತೊ' ಸೇರಿಸಿ 'ಮೆಕಿಮೆಕಿ ತೊ' ಅಂತಲೂ ಹೇಳಬಹುದು. ಈ 'ತೊ' ಯಾವುದು ಗೊತ್ತಾ? ಬೇರೆಯವರ ಮಾತನ್ನು ಹೇಳುವಾಗ ಬರುವ ಅದೇ 'ತೊ'. 'ಇಕು ತೊ ಇತ್ತ', ಹೋಗುತ್ತೇನೆ ಅಂತ ಹೇಳಿದ. ಅಂದರೆ ನಮ್ಮ 'ಅಂತ'. ಈಗ ಮಳೆಯನ್ನು ತೆಗೆದುಕೊಳ್ಳಿ. ಜಪಾನಿಯಲ್ಲಿ ಮಳೆ 'ಝಾಝಾ ತೊ' ಸುರಿಯುತ್ತದೆ, ನಮ್ಮಲ್ಲಿ 'ಧೋ ಅಂತ' ಸುರಿಯುತ್ತದೆ. ಮಾತು ವರದಿ ಮಾಡುವ ಪದವೇ ಎರಡೂ ಭಾಷೆಯಲ್ಲಿ ಅನುಕರಣಕ್ಕೂ ಅಂಟುತ್ತದೆ. ಮಳೆ ಧೋ ಅಂತ ಹೇಳುತ್ತಾ ಬರುವ ಹಾಗೆ. 'ಥಟ್ಟೆಂದು', 'ದಡಕ್ಕೆಂದು' ಅನ್ನುವ ಬರಹದ ರೂಪಗಳಲ್ಲೂ ಅದೇ 'ಎಂದು' ಕೂತಿದೆ. ಇದನ್ನು ಗಮನಿಸಿದ ಮೇಲೆ ಯಾವ ಅನುಕರಣ ಪದಕ್ಕೆ 'ತೊ' ಹಾಕಬೇಕು ಅನ್ನುವ ಗೊಂದಲ ನನಗೆ ಬಹಳ ಕಡಿಮೆ ಆಯಿತು. ಜಪಾನಿ ಪಾಠ ಮಾಡುವ ಕನ್ನಡದ ಮೇಷ್ಟ್ರುಗಳು ಇದನ್ನು ಮೊದಲ ವಾರವೇ ಹೇಳಿಕೊಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬರುವ ಅಗತ್ಯವೇ ಇಲ್ಲ.

ಮೆಕಿಮೆಕಿಗೆ ನಿಘಂಟಿನಲ್ಲಿ ಇನ್ನೊಂದು ಅರ್ಥ ಇದೆ. ಮರವೋ ಹಲಗೆಯೋ ಭಾರಕ್ಕೆ ಕಿರುಗುಟ್ಟಿ ಮುರಿಯುವ ಸದ್ದು. ಈಗ ಆ ಕೆಲಸವನ್ನು ಹೆಚ್ಚಾಗಿ 'ಮೆರಿಮೆರಿ' ಮಾಡುತ್ತದೆ. ಆದರೂ ಬೆಳವಣಿಗೆಯ ಪದದೊಳಗೆ ಮರದ ಸದ್ದು ಇರುವುದು ನನಗೆ ತುಂಬಾ ಹಿಡಿಸುತ್ತದೆ.

ನಮ್ಮಲ್ಲಿ ಇದಕ್ಕೆ ಸರಿಸಾಟಿ ಏನಿದೆ? 'ಸರಸರ ಕಲಿತ', 'ಚಕಚಕ ಮೇಲೆ ಬಂದ' ಅನ್ನುತ್ತೇವೆ. ಹತ್ತಿರ ಬರುತ್ತದೆ, ಆದರೆ ಅಲ್ಲಿ ವೇಗ ಜಾಸ್ತಿ, ನೋಡುವವರ ಕಣ್ಣು ಕಡಿಮೆ. 'ನೋಡ್ತಾ ನೋಡ್ತಾ' ಅಂದರೆ ಕಣ್ಣು ಸಿಗುತ್ತದೆ. ಆದರೆ ಜಪಾನಿಯಲ್ಲಿ ಅದಕ್ಕೆ ಬೇರೆಯೇ ಒಂದು ಪದ ಇದೆ, 'ಮಿರುಮಿರು'. ಮಿರು ಅಂದರೆ ನೋಡು. ಮಿರುಮಿರು ಅಂದರೆ ನೋಡನೋಡುತ್ತಾ. ಅದು ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ, ನಿಮಿಷಗಳಲ್ಲಿ ಆಗುವುದಕ್ಕೂ ಆಗುತ್ತದೆ: ಸುದ್ದಿ ಕೇಳಿ ಅವನ ಮುಖ ಮಿರುಮಿರು ಬಿಳಿಚಿಕೊಂಡಿತು. ಮೆಕಿಮೆಕಿ ಬಿಳಿಚಿಕೊಳ್ಳಲು ಆಗುವುದಿಲ್ಲ. ಮೆಕಿಮೆಕಿ ಇಳಿಯಲೂ ಆಗುವುದಿಲ್ಲ. ಅದು ಮೇಲ್ಮುಖದ ಪದ. ನನ್ನ ಮಟ್ಟಿಗೆ 'ದಿನೇ ದಿನೇ' ಮತ್ತು 'ಎದ್ದು ಕಾಣುವ ಹಾಗೆ' ಎರಡನ್ನೂ ಸೇರಿಸಿದರೆ ಮೆಕಿಮೆಕಿ ಹತ್ತಿರ ಹೋಗಬಹುದು.

ಕೆಳಮುಖಕ್ಕೆ, ಅಥವಾ ಕಾಲ ಬದಲಾಗುವುದಕ್ಕೆ ಅದರ ಹತ್ತಿರದ ಸಂಬಂಧಿಯಂತೆ ಕೇಳಿಸುವ 'ಮೆಕ್ಕಿರಿ' ಇದೆ. ಇವೆರಡನ್ನೂ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಯ ಆಯ್ಕೆಗಳಾಗಿ ಪಕ್ಕಪಕ್ಕ ಇಟ್ಟರೆ ಗೊಂದಲ ಗ್ಯಾರಂಟಿ. ಮೆಕ್ಕಿರಿ ಚಳಿ ಆಯಿತು. ಮೆಕ್ಕಿರಿ ಬಿಳಿಕೂದಲು ಹೆಚ್ಚಾಯಿತು. ಮೆಕ್ಕಿರಿ ಗಿರಾಕಿಗಳು ಕಡಿಮೆಯಾದರು. ಅಕ್ಟೋಬರ್ ಕೊನೆಗೆ ಬರುವ ಜಪಾನಿ ಪತ್ರಗಳಲ್ಲಿ, ಇಮೇಲ್‌ಗಳಲ್ಲಿ ಮೊದಲ ಸಾಲೇ ಹವಾಮಾನದ್ದು, ಅಲ್ಲಿ ಈ ಪದ ಕಾಯಂ ಗಿರಾಕಿ. ಇದು ಹೆಚ್ಚಾಗಿ ಆಗಿಹೋದದ್ದನ್ನು ಹೇಳುತ್ತದೆ: ಅರೆ, ಇಷ್ಟೊಂದು ಬದಲಾಗಿಬಿಟ್ಟಿದೆಯಲ್ಲ ಅಂತ. ಮೆಕಿಮೆಕಿ ಏರುತ್ತಿರುವುದನ್ನು ಹೇಳುತ್ತದೆ.

ಇನ್ನು 'ಗುಂಗುನ್', 'ದೊಂದೊನ್', 'ದಂದನ್'. ಗುಂಗುನ್ ಅಂದರೆ ತಳ್ಳಿಕೊಂಡು ಹೋಗುವ ಬಲ. ಮಗು ಗುಂಗುನ್ ಎತ್ತರ ಆಗುತ್ತದೆ, ಗಿಡ ಗುಂಗುನ್ ಮೇಲೆ ಬರುತ್ತದೆ, ಓಟಗಾರ ಗುಂಗುನ್ ವೇಗ ಹೆಚ್ಚಿಸುತ್ತಾನೆ. ಅಳತೆಪಟ್ಟಿ ಹಿಡಿದು ಅಳೆಯಬಹುದಾದ್ದು. ದೊಂದೊನ್ ಎಲ್ಲದಕ್ಕೂ ಸಲ್ಲುತ್ತದೆ, ಒಳ್ಳೆಯದು ಕೆಟ್ಟದ್ದು ಭೇದ ಇಲ್ಲ, ಬೆಲೆ ದೊಂದೊನ್ ಏರುತ್ತದೆ, ಹೊಟ್ಟೆನೋವು ದೊಂದೊನ್ ಜೋರಾಗುತ್ತದೆ, 'ದೊಂದೊನ್ ತಿನ್ನಿ' ಅಂತ ಊಟಕ್ಕೆ ಒತ್ತಾಯವನ್ನೂ ಮಾಡಬಹುದು. ದಂದನ್ ನಿಧಾನದ್ದು, ಮೆಟ್ಟಿಲು ಮೆಟ್ಟಿಲಾಗಿ. ದಿಢೀರ್ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಸ್ವರ ಬದಲಾದರೆ ವೇಗ ಬದಲಾಗುತ್ತದೆ, ನೋಡಿ.

ಸುಮೋ ನೋಡುವ ಚಟ ಇರುವ ಕಾರಣ ನನಗೆ ಈ ಪದಗಳ ವ್ಯತ್ಯಾಸ ಅಲ್ಲಿಂದಲೇ ಸರಿಯಾಗಿ ಅರ್ಥವಾಯಿತು. 2024ರ ಎರಡು ಕಥೆ ಹೇಳುತ್ತೇನೆ.

ಮೊದಲನೆಯದು ತಕೆರುಫುಜಿಯದ್ದು. ಅಓಮೊರಿ ಪ್ರಾಂತ್ಯದ ಹುಡುಗ. 2024ರ ಮಾರ್ಚ್ ಟೂರ್ನಿಯಲ್ಲಿ ಮೊದಲ ಸಲ ಮಕುಉಚಿಗೆ, ಅಂದರೆ ಸುಮೋದ ಅತಿ ಮೇಲಿನ ವಿಭಾಗಕ್ಕೆ ಬಂದ. ಟೂರ್ನಿ 15 ದಿನ. ಹೊಸಬರು ಸಾಮಾನ್ಯವಾಗಿ 8 ಪಂದ್ಯ ಗೆದ್ದರೆ ಸಾಕು ಅಂತ ಇರುತ್ತಾರೆ. ಇವನು ಗೆಲ್ಲುತ್ತಲೇ ಹೋದ. 14ನೇ ದಿನ ಬಲಗಾಲಿನ ಗಿಣ್ಣಿಗೆ ಜೋರು ಪೆಟ್ಟಾಯಿತು. ಮಾರನೇ ದಿನ ಆ ಕಾಲಿನಲ್ಲೇ ಕಣಕ್ಕೆ ಇಳಿದು ಗೆದ್ದು, 13 ಗೆಲುವು 2 ಸೋಲಿನೊಂದಿಗೆ ಪ್ರಶಸ್ತಿ ಹೊಡೆದ. ಮೇಲಿನ ವಿಭಾಗಕ್ಕೆ ಕಾಲಿಟ್ಟ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದವರು ಅದಕ್ಕೂ ಮುಂಚೆ 1914ರಲ್ಲಿ ಇದ್ದರು, ಅಂದರೆ 110 ವರ್ಷದ ಹಿಂದೆ. ಇದಕ್ಕೆ ಬೇಕಾದ ಪದ 'ಇಚಿಯಕು'. ಇಚಿ ಅಂದರೆ ಒಂದು, ಯಕು ಅಂದರೆ ನೆಗೆತ. ಒಂದೇ ನೆಗೆತಕ್ಕೆ ಹೆಸರುವಾಸಿ. 'ಇಚಿಯಕು ಯೂಮೇ ನಿ ನತ್ತ', ರಾತ್ರೋರಾತ್ರಿ ಪ್ರಸಿದ್ಧನಾದ. ಇಲ್ಲಿ ಮೆಕಿಮೆಕಿ ಹಾಕಿದರೆ ಕೂರುವುದಿಲ್ಲ. ಇಚಿಯಕು ಜನರ ಕಣ್ಣಲ್ಲಿ ಸ್ಥಾನ ಬದಲಾದುದನ್ನು ಹೇಳುತ್ತದೆ, ಕೌಶಲ ಬೆಳೆದುದನ್ನಲ್ಲ. ಆ ಗಾಯದಿಂದ ಮುಂದಿನ ಮೇ ಟೂರ್ನಿಗೆ ಅವನಿಗೆ ಬರಲೇ ಆಗಲಿಲ್ಲ, ಆದರೂ ಹೆಸರು ಮಾತ್ರ ಆಗಿಹೋಗಿತ್ತು.

ಎರಡನೆಯದು ಓನೊಸತೊ. ಇಶಿಕವ ಪ್ರಾಂತ್ಯದವನು. ಕಾಲೇಜು ಸುಮೋದಲ್ಲಿ ಗೆದ್ದು ಬಂದದ್ದರಿಂದ 2023ರ ಮೇನಲ್ಲಿ ಮೂರನೇ ವಿಭಾಗದಿಂದ ಶುರು ಮಾಡಲು ಅವಕಾಶ ಸಿಕ್ಕಿತು. 2024ರ ಜನವರಿಗೆ ಮೇಲಿನ ವಿಭಾಗ. ಅದೇ ತಿಂಗಳ 1ನೇ ತಾರೀಕು ಅವನ ಪ್ರಾಂತ್ಯದ ನೊತೊ ಪರ್ಯಾಯ ದ್ವೀಪದಲ್ಲಿ ದೊಡ್ಡ ಭೂಕಂಪ ಆಗಿತ್ತು. ಆ ಊರುಗಳ ಜನ ಟಿವಿ ಮುಂದೆ ಕೂತು ಈ ಹುಡುಗನಿಗಾಗಿ ಚಪ್ಪಾಳೆ ತಟ್ಟಿದರು. ಮೇ ತಿಂಗಳಲ್ಲಿ ಮೊದಲ ಪ್ರಶಸ್ತಿ, ಸೆಪ್ಟೆಂಬರಿನಲ್ಲಿ ಎರಡನೆಯದು, ಜೊತೆಗೆ ಓಝೆಕಿ, ಅಂದರೆ ಸುಮೋದ ಎರಡನೇ ಅತಿ ದೊಡ್ಡ ಪದವಿ. 2025ರ ಮೇ ಟೂರ್ನಿಯಲ್ಲಿ 14-1ರಲ್ಲಿ ಗೆದ್ದು 75ನೇ ಯೊಕೊಝುನ ಆದ. ಅದಕ್ಕಿಂತ ಮೇಲೆ ಪದವಿ ಇಲ್ಲ. ಮೊದಲ ಟೂರ್ನಿಯಿಂದ ಲೆಕ್ಕ ಹಾಕಿದರೆ 13 ಟೂರ್ನಿ. ವರ್ಷಕ್ಕೆ 6 ಟೂರ್ನಿ ಆಗತೊಡಗಿದ 1958ರಿಂದ ಈಚೆಗೆ ಇಷ್ಟು ಬೇಗ ಯಾರೂ ಏರಿರಲಿಲ್ಲ. ಹಿಂದಿನ ದಾಖಲೆ 21 ಟೂರ್ನಿ, 1973ರಲ್ಲಿ ಯೊಕೊಝುನ ಆದ ವಜಿಮನದ್ದು. ಅವನೂ ಇಶಿಕವದವನೇ.

ಇದರಲ್ಲಿ ಒಂದು ವಿಷಯವನ್ನು ಹತ್ತಿರದಿಂದ ನೋಡಬೇಕು. ಅವನ ಕೂದಲು. ಮೇಲಿನ ಎರಡು ವಿಭಾಗದ ಪೈಲ್ವಾನರು ಕಣಕ್ಕೆ ಬರುವಾಗ ಜುಟ್ಟನ್ನು ಗಿಂಕೊ ಮರದ ಎಲೆಯ ಆಕಾರಕ್ಕೆ ಬಿಡಿಸಿ ಕಟ್ಟಿಸಿಕೊಳ್ಳುತ್ತಾರೆ. ಅದಕ್ಕೆ 'ಓಇಚೊ' ಅಂತ ಹೆಸರು. ಅದಕ್ಕೆ ಸಾಕಷ್ಟು ಉದ್ದ ಕೂದಲು ಬೇಕು, ಬೆಳೆಯಲು ಟೈಮು ಹಿಡಿಯುತ್ತದೆ. ಓನೊಸತೊ ಓಝೆಕಿ ಆದಾಗ ಅವನ ಕೂದಲು ಅಷ್ಟು ಉದ್ದ ಬೆಳೆದೇ ಇರಲಿಲ್ಲ. ಅಷ್ಟು ದೊಡ್ಡ ಪದವಿಯ ಪೈಲ್ವಾನ ಸಣ್ಣ ಸಾದಾ ಜುಟ್ಟಿನಲ್ಲೇ ಕಣ ಹತ್ತಿದ. 192 ಸೆಂಟಿಮೀಟರ್ ಎತ್ತರದ ಮನುಷ್ಯ, ನೆತ್ತಿಯ ಮೇಲೆ ಕಿರುಬೆರಳಿನ ಹಾಗೆ ಮಡಿಸಿ ಕಟ್ಟಿದ ಜುಟ್ಟು.

ಇವನ ಏರಿಕೆಗೆ ಪತ್ರಿಕೆಗಳು 'ಸುಪೀದೊ ಶುಸ್ಸೆ' ಅಂತ ಬರೆಯುತ್ತವೆ, ಸ್ಪೀಡಿನ ಬಡ್ತಿ. 'ತೊಂತೊನ್ ಬ್ಯೋಶಿ' ಅನ್ನುವುದೂ ಇಂಥ ಕಡೆ ಬರುವ ಮಾತೇ. ತೊಂತೊನ್ ಅಂದರೆ ವೇದಿಕೆಯ ಮೇಲೆ ಕುಣಿಯುವವರ ಹೆಜ್ಜೆಯ ಸದ್ದು, ಬ್ಯೋಶಿ ಅಂದರೆ ತಾಳ. ತಾಳ ತಪ್ಪದೆ ಒಂದರ ಹಿಂದೆ ಒಂದು ಆಗುತ್ತಾ ಹೋಗುವುದು: ಮದುವೆ ಮಾತುಕತೆ ತೊಂತೊನ್ ಬ್ಯೋಶಿಯಲ್ಲಿ ಮುಗಿಯಿತು, ಬಡ್ತಿ ಸಿಕ್ಕಿತು, ಅಂಗಡಿ ದೊಡ್ಡದಾಯಿತು. ನಮ್ಮಲ್ಲಿ ಹೂವೆತ್ತಿದ ಹಾಗೆ ಆಯಿತು ಅನ್ನುತ್ತೇವಲ್ಲ, ಸ್ವಲ್ಪ ಆ ಧಾಟಿ. ಆದರೆ ಓನೊಸತೊಗೆ ನಡುವೆ ಎರಡು ಟೂರ್ನಿ 9-6ರಲ್ಲಿ ಮುಗಿದಿವೆ. ಹಾಗಾಗಿ ತಾಳ ಅಲ್ಲಲ್ಲಿ ತಪ್ಪಿದೆ ಅಂತಲೇ ನಾನು ಹೇಳುತ್ತೇನೆ. ಅವನ ಬಲಗೈಯನ್ನು ಎದುರಾಳಿಯ ಕಂಕುಳಡಿ ತೂರಿಸಿ ಮುಂದಕ್ಕೆ ನುಗ್ಗುವ ಆಟ ಟೂರ್ನಿಯಿಂದ ಟೂರ್ನಿಗೆ ಹೇಗೆ ಗಟ್ಟಿಯಾಯಿತು ಅಂತ ನೋಡುತ್ತಾ ಬಂದವರಿಗೆ ಮಾತ್ರ ಅಲ್ಲಿ ಮೆಕಿಮೆಕಿ ಕಾಣುತ್ತದೆ. ಪದವಿಗೆ ಸುಪೀದೊ ಶುಸ್ಸೆ, ಕೈಗೆ ಮೆಕಿಮೆಕಿ. ನನಗೆ ಈ ವ್ಯತ್ಯಾಸ ಅಂದರೆ ಪ್ರಾಣ.

'ಯಕು' ಅಕ್ಷರದ ಬಗ್ಗೆ ಸ್ವಲ್ಪ. ಇಚಿಯಕು, ಹಿಯಕು, ಯಕುಶಿನ್, ಕತ್ಸುಯಕು, ಎಲ್ಲದರಲ್ಲೂ ಅದೇ ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿಯ ಅಕ್ಷರ. 21 ಗೆರೆ. ಬರೆಯಲು ಕೂತರೆ ಕೈ ನೋಯುತ್ತದೆ, ಆದರೆ ಬಿಡಿಸಿ ನೋಡಿದರೆ ಮರೆಯುವ ಹಾಗೇ ಇಲ್ಲ: ಎಡಗಡೆ ಕಾಲು, ಬಲಗಡೆ ಮೇಲೆ ಎರಡು ರೆಕ್ಕೆ, ಅದರ ಕೆಳಗೆ ಹಕ್ಕಿ. ಇಷ್ಟು ನೆನಪಿದ್ದರೆ ಗೆರೆ ಎಣಿಸಬೇಕಾಗಿಲ್ಲ.

ಹಿಯಕು ಅಂದರೆ ಹಾರಿ ನೆಗೆಯುವುದು. ಇದು ಹೊಸ ವರ್ಷದ ಕಾರ್ಡಿನಲ್ಲಿ ಬರುವ ಪದ, ಈ ವರ್ಷ ನಿಮಗೆ ಹಿಯಕುವಿನ ವರ್ಷವಾಗಲಿ ಅಂತ. 2023 ಮೊಲದ ವರ್ಷ, ಮೊಲ ನೆಗೆಯುತ್ತದೆ, ಹಾಗಾಗಿ ಮೊಲದ ವರ್ಷ ಬಂದರೆ ಹಿಯಕು ಎಲ್ಲ ಕಡೆ. 'ಹಿಯಕುತೆಕಿ ನಿ' ಅಂದರೆ ತಂತ್ರಜ್ಞಾನವೋ ಉತ್ಪಾದನೆಯೋ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯಿತು ಅಂತ. ಇದೇ ಪದ ವಾದದಲ್ಲಿ ಬಂದರೆ ಬೈಗುಳ: 'ರೊನ್ರಿ ನೊ ಹಿಯಕು', ತರ್ಕದಲ್ಲಿ ನಡುವಿನ ಮೆಟ್ಟಿಲನ್ನೇ ಹಾರಿಬಿಟ್ಟಿದ್ದೀರಿ ಅಂತ. ಮೀಟಿಂಗಿನಲ್ಲಿ ಯಾರಾದರೂ ಹಿಯಕು ಅಂದರೆ ಖುಷಿ ಪಡುವ ಮುಂಚೆ ಹಿಂದಿನ ಪದ ಕೇಳಿಸಿಕೊಳ್ಳಿ.

ಯಕುಶಿನ್ ಪತ್ರಿಕೆಯ ತಲೆಬರಹದ ಪದ. ಒಬ್ಬ ವ್ಯಕ್ತಿಗಿಂತ ತಂಡ, ಪಕ್ಷ, ಕಂಪನಿಗೆ ಜಾಸ್ತಿ. 2024ರ ಅಕ್ಟೋಬರ್ ಚುನಾವಣೆಯಲ್ಲಿ ಜಪಾನಿನ ಕೆಳಮನೆಯಲ್ಲಿ 7 ಸೀಟು ಇದ್ದ ಕೊಕುಮಿನ್ ಮಿನ್ಶುತೊ ಪಕ್ಷ 28ಕ್ಕೆ ಏರಿತು. ಅಂಥದ್ದೇ ಯಕುಶಿನ್. ಪಕ್ಷವೊಂದು ಮೆಕಿಮೆಕಿ ಮಾಡಿತು ಅಂತ ತಲೆಬರಹದಲ್ಲಿ ಬರೆಯುವುದಿಲ್ಲ. ಮೆಕಿಮೆಕಿಗೆ ಒಬ್ಬ ಮನುಷ್ಯ, ಅವನ ಕೈ, ಅವನ ನಾಲಿಗೆ, ಅವನ ಆರೋಗ್ಯ ಬೇಕು.

ಏರುವ ಬೆಲೆಗೆ, ಜನಪ್ರಿಯತೆಗೆ 'ಉನಗಿ ನೊಬೊರಿ', ಹಾವುಮೀನು ಮೇಲೇರುವುದು. ಇದೂ ಆಗಾಗ ಕಿವಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಥರ್ಮಾಮೀಟರಿನ ಬಗ್ಗೆಯೂ ಹೇಳುತ್ತಾರೆ.

ಈ ಗುಂಪಿನಲ್ಲಿ ನನ್ನ ಮನಸ್ಸಿಗೆ ತಟ್ಟಿದ ಇನ್ನೊಂದು ಮಾತು ಚೀನಾದ ಮೂರು ರಾಜ್ಯಗಳ ಕಾಲದಿಂದ ಬಂದದ್ದು. ವೂ ರಾಜ್ಯದ ಸೇನಾಪತಿ ಲ್ಯೂ ಮೆಂಗ್ ಯುದ್ಧದಲ್ಲಿ ಗಟ್ಟಿಗ, ಓದಿನಲ್ಲಿ ಏನೂ ಇಲ್ಲ. ಅವನ ಒಡೆಯ ಸುನ್ ಚುವಾನ್ ಓದು ಅಂದ. ಲ್ಯೂ ಮೆಂಗ್ ಕೂತು ಓದಿದ. ಕೆಲವು ಕಾಲದ ನಂತರ ಲು ಸು ಅನ್ನುವ ಇನ್ನೊಬ್ಬ ಅಧಿಕಾರಿ ಬಂದು ಮಾತಾಡಿಸಿದಾಗ ಬೆರಗಾಗಿ, ನೀನು ಆಗಿನ ಅ-ಮೆಂಗ್ ಅಲ್ಲವೇ ಅಲ್ಲ ಅಂದ. ಅದಕ್ಕೆ ಲ್ಯೂ ಮೆಂಗ್ ಹೇಳಿದ್ದು: ಗಂಡಸನ್ನು ಮೂರು ದಿನ ಬಿಟ್ಟು ನೋಡಿದರೆ ಕಣ್ಣುಜ್ಜಿಕೊಂಡು ಹೊಸದಾಗಿ ನೋಡಬೇಕು. ಜಪಾನಿಯಲ್ಲಿ ಅದು 'ದಂಶಿ ಮಿಕ್ಕ ಅವಝರೆಬ ಕತ್ಸುಮೊಕು ಶಿತೆ ಮಿಯೊ' ಅಂತ ಗಾದೆಯೇ ಆಗಿದೆ. ಅಲ್ಲೂ ಓದಿದ್ದು ಒಬ್ಬ, ಬೆರಗಾದದ್ದು ಇನ್ನೊಬ್ಬ. ಮೆಕಿಮೆಕಿ ಅನ್ನುವುದಕ್ಕೆ ಬೇಕಾದ ಇಬ್ಬರೂ ಆ ಕಥೆಯಲ್ಲಿ ಇದ್ದಾರೆ.

ಹಾಗಂತ ಎಲ್ಲ ಕಾಲದಲ್ಲೂ ಮೆಕಿಮೆಕಿ ಆಗುವುದಿಲ್ಲ. ಪರೀಕ್ಷೆಯ ನಡುವಿನ ಹಂತ ಎನ್3 ದಾಟಿದವರಿಗೆ ಇದು ಚೆನ್ನಾಗಿ ಗೊತ್ತು. ಶುರುವಿನಲ್ಲಿ ಪ್ರತಿ ವಾರ ಹೊಸದೇನೋ ಅರ್ಥವಾಗುತ್ತಿರುತ್ತದೆ, ಆಮೇಲೆ ಎಷ್ಟು ಓದಿದರೂ ಅಲ್ಲೇ ಇದ್ದೇವೆ ಅನ್ನಿಸುತ್ತದೆ. ಅದಕ್ಕೂ ಜಪಾನಿಯಲ್ಲಿ ಒಂದು ಕ್ರಿಯಾಪದ ಇದೆ, 'ನೊಬಿನಯಮು'. ನೊಬಿ ಅಂದರೆ ಚಾಚಿಕೊಳ್ಳುವುದು, ಬೆಳೆಯುವುದು. ನಯಮು ಅಂದರೆ ಒದ್ದಾಡುವುದು. ಬೆಳೆಯಲು ಒದ್ದಾಡುವುದು. ಮಾರಾಟ ನೊಬಿನಯಮು ಆಗುತ್ತದೆ, ಅಂಕ ನೊಬಿನಯಮು ಆಗುತ್ತದೆ. ಈ ಪದವನ್ನು ನಮ್ಮ ಬಗ್ಗೆ ನಾವು ಧಾರಾಳವಾಗಿ ಹೇಳಿಕೊಳ್ಳಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೇಷ್ಟ್ರಿಗೆ ಹೇಳಿದರೆ ಅವರು ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಕೇಳಿ ಸಹಾಯವನ್ನೂ ಮಾಡುತ್ತಾರೆ.

ಅಭ್ಯಾಸ ಮಾಡುವವರಿಗೆ ಒಂದು ದಾರಿ ಹೇಳಿ ಮುಗಿಸುತ್ತೇನೆ. ತೋಕ್ಯೊದ ತಚಿಕವದಲ್ಲಿ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆ ಇದೆ. ಪುಸ್ತಕ, ಪತ್ರಿಕೆ, ಬ್ಲಾಗು ಎಲ್ಲ ಸೇರಿಸಿ ಸುಮಾರು 10 ಕೋಟಿ ಪದಗಳ ಒಂದು ದೊಡ್ಡ ಸಂಗ್ರಹ ಮಾಡಿದ್ದಾರೆ. ಅದನ್ನು ಹುಡುಕಲು 'ಶೋನಗೊನ್' ಅನ್ನುವ ಸೈಟು ಉಚಿತ. ಅಲ್ಲಿ ಮೆಕಿಮೆಕಿಯನ್ನು ಹಿರಗನ ಅನ್ನುವ ಜಪಾನಿ ಲಿಪಿಯಲ್ಲಿ ಹಾಕಿ, ಅದರ ಬಲಗಡೆ ಬರುವ ಕ್ರಿಯಾಪದಗಳನ್ನು ಒಂದು ಹಾಳೆಗೆ ಇಳಿಸಿ. ಆಮೇಲೆ ಅದೇ ಕೆಲಸ ಮೆಕ್ಕಿರಿಗೆ ಮಾಡಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಎಷ್ಟು ಕ್ರಿಯಾಪದಗಳು ಎರಡರಲ್ಲೂ ಇವೆ ಅಂತ ನೋಡಿ. ಅರ್ಥ ಬರೆದುಕೊಳ್ಳುವ ಅಗತ್ಯವೇ ಬರುವುದಿಲ್ಲ.